ದೊಡ್ಡ ಕುರ್ಚಿ ಮತ್ತು ಅದರ ಪಕ್ಕದ ಕುರ್ಚಿ

ಮುಂಬಯಿಯ ಕನ್ನಡ ಸಂಘಗಳಲ್ಲಿ ಸನ್ಮಾನ ಅಂದರೆ ಎರಡು ಕುರ್ಚಿ. ಒಂದು ದೊಡ್ಡದು, ಮದುವೆ ಮಂಟಪದಿಂದ ಬಾಡಿಗೆಗೆ ತಂದದ್ದು. ಕೆಂಪು ಮಖಮಲ್ಲು, ಕೈಯಿಡುವಲ್ಲಿ ಬಣ್ಣ ಹೋದ ಸಿಂಹದ ಮುಖ. ಇನ್ನೊಂದು ಅದರ ಪಕ್ಕದ್ದು, ಸಭಾಂಗಣದ ಪ್ಲಾಸ್ಟಿಕ್ ಕುರ್ಚಿ, ಮೇಲೊಂದು ಬಿಳಿ ಬಟ್ಟೆ. ದೊಡ್ಡದರಲ್ಲಿ ಸನ್ಮಾನಿತರು ಕೂರುತ್ತಾರೆ, ಪಕ್ಕದ್ದರಲ್ಲಿ ಅವರ ಧರ್ಮಪತ್ನಿ. ಅಧ್ಯಕ್ಷರು ಸನ್ಮಾನಿತರಿಗೆ ಶಾಲು ಹೊದಿಸಿ, ಪೇಟ ಇಟ್ಟು, ಸ್ಮರಣಿಕೆ ಕೊಡುತ್ತಾರೆ. ಅಧ್ಯಕ್ಷರ ಹೆಂಡತಿ ಧರ್ಮಪತ್ನಿಗೆ ಕುಂಕುಮ ಹಚ್ಚಿ, ಸೆರಗಿನಲ್ಲಿ ಉಡಿ ತುಂಬುತ್ತಾರೆ: ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಒಂದು ರವಿಕೆ ಕಣ. ಫೋಟೋ. ಚಪ್ಪಾಳೆ. ಆಮೇಲೆ ಊಟ. ಈ ಕ್ರಮವನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ತಿದ್ದುಪಡಿ ಕೇಳುತ್ತಿದ್ದರು.

ನೇತ್ರಾವತಿ-ಭೀಮಾ ಕನ್ನಡ ಬಳಗವೂ ಇದಕ್ಕೆ ಹೊರತಲ್ಲ. ಕರಾವಳಿಯ ಹೋಟೆಲಿನವರೂ ವಿಜಯಪುರ, ಧಾರವಾಡ ಕಡೆಯ ನೌಕರಿಯವರೂ ಸೇರಿ ಕಟ್ಟಿದ ಸಂಘ ಇದು. ಯಾವ ನದಿಯ ಹೆಸರು ಮೊದಲು ಬರಬೇಕೆಂದು ಬಹಳ ಕಾಲ ಜಗಳವಾಗಿ, ಕೊನೆಗೆ ಚೀಟಿ ಎತ್ತಿ ತೀರ್ಮಾನ ಮಾಡಿದರಂತೆ. ಭೂಪಟದಲ್ಲಿ ಎಲ್ಲೂ ಸೇರದ ಈ ಎರಡು ನದಿಗಳು ವರ್ಷಕ್ಕೊಮ್ಮೆ ದಾದರಿನ ಬಾಡಿಗೆ ಸಭಾಂಗಣದಲ್ಲಿ ಸೇರುತ್ತವೆ, ಅದೂ ಹೆಚ್ಚಾಗಿ ಊಟದ ಹೊತ್ತಿಗೆ.

ಆ ಊಟ ಮೋಹಿನಿಯಕ್ಕನದು. ಬೈಕುಲ್ಲಾದ ತರಕಾರಿ ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಅವಳ ಅಡುಗೆಮನೆ. ಮದುವೆ, ಉಪನಯನ, ವಾರ್ಷಿಕೋತ್ಸವ, ಎಲ್ಲಕ್ಕೂ ಅಲ್ಲಿಂದಲೇ ಪಾತ್ರೆಗಳು ಟೆಂಪೋ ಹತ್ತುತ್ತವೆ. ಒಂದೇ ಪಂಕ್ತಿಯಲ್ಲಿ ಕರಾವಳಿಯ ಪತ್ರೊಡೆಯೂ ವಿಜಯಪುರ ಕಡೆಯ ಎಣ್ಣೆಗಾಯಿಯೂ ಬಡಿಸಿ, ಎರಡೂ ಕಡೆಯವರು ತಮ್ಮದೇ ಮೇಲು ಅಂದುಕೊಂಡು ಎದ್ದು ಹೋಗುವಂತೆ ಮಾಡಿದವಳು. ಬಳಗ ಇಷ್ಟು ವರ್ಷ ಒಡೆಯದೆ ಉಳಿದದ್ದು ಇದರಿಂದಲೇ ಎಂದು ಅಧ್ಯಕ್ಷರಾದ ಸಿದ್ದರಾಮಪ್ಪನವರೇ ಒಮ್ಮೆ ಕೈ ತೊಳೆಯುತ್ತಾ ಹೇಳಿದ್ದರು. ಬೋರ್ಡಿನಲ್ಲಿ ಮಾತ್ರ 'ಶಶಿಕಾಂತ್ ಕೇಟರರ್ಸ್' ಎಂದಿದೆ. ಶಶಿಕಾಂತ ಬಂಗೇರ ಅವಳ ಗಂಡ, ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ಗ್ಯಾಸ್ ಹಚ್ಚುವುದು ಸ್ನಾನದ ನೀರಿಗೆ ಮಾತ್ರ, ಅದನ್ನೂ ಕೆಲವೊಮ್ಮೆ ಆರಿಸಲು ಮರೆಯುತ್ತಾರೆ. ಆ ಹೆಸರು ಯಾಕೆ ಅಂತ ಕೇಳಿದರೆ ಮೋಹಿನಿ ಹೇಳುವುದು ಇಷ್ಟು: "ಆಗ ಹೆಂಗಸಿನ ಹೆಸರು ಬೋರ್ಡಲ್ಲಿ ಕಂಡ್ರೆ ಉಪ್ಪಿನಕಾಯಿ ಆರ್ಡರ್ ಮಾತ್ರ ಬರ್ತಿತ್ತು ಮಾರಾಯ್ರೆ."

ಈ ವರ್ಷ ಬಳಗದ ಸನ್ಮಾನ ಅವಳಿಗೆ ಎಂದು ಕಮಿಟಿ ತೀರ್ಮಾನಿಸಿತು. ಒಂದು ಭಾನುವಾರ ಬೆಳಿಗ್ಗೆ ಅಧ್ಯಕ್ಷರೂ ಕಾರ್ಯದರ್ಶಿ ಅಕ್ಷಯನೂ ಬೊರಿವಲಿಯ ಅವಳ ಫ್ಲ್ಯಾಟಿಗೆ ಬಂದರು. ಅಕ್ಷಯ ಮೂಲತಃ ಕಾಪುವಿನ ಕಡೆಯವನು, ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಶುರುಮಾಡಿ, ಹಿಂದಿಯಲ್ಲಿ ತಡವರಿಸಿ, ಇಂಗ್ಲಿಷಿನಲ್ಲಿ ಮುಗಿಸುವವನು. ಮೋಹಿನಿ ಅವರಿಗೆ ಗೋಳಿಬಜೆ ಕೊಟ್ಟಳು. ಶಶಿಕಾಂತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. ಮನೆಯಲ್ಲಿ ಭಾನುವಾರ ಅವರು ಬನಿಯನ್ನಿನಿಂದ ಮೇಲೇರಿದ್ದನ್ನು ಯಾರೂ ನೋಡಿರಲಿಲ್ಲ.

"ಸ್ಮರಣಿಕೆ ಮ್ಯಾಗ ಬರಿಯೂದನ್ನ ಒಮ್ಮಿ ನೋಡಿಬಿಡ್ರಿ," ಎಂದರು ಸಿದ್ದರಾಮಪ್ಪ. "ಹೆಸರಿನಾಗ ತಪ್ಪಾದ್ರ ಆಮ್ಯಾಲೆ ಹಿತ್ತಾಳಿ ತಿದ್ದಾಕ ಬರಂಗಿಲ್ಲ."

ಸ್ಮರಣಿಕೆಯ ಬರಹ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಬಳಗಕ್ಕೆ ಇಂಗ್ಲಿಷು ಯಾಕೆ ಅಂದರೆ, ದಾದರಿನಲ್ಲಿ ಹಿತ್ತಾಳೆಗೆ ಅಕ್ಷರ ಕೊರೆಯುವವನ ಮೆಷಿನ್ನಿನಲ್ಲಿ ಕನ್ನಡದ ಒತ್ತಕ್ಷರಗಳು ಮೂಲಾಕ್ಷರಗಳನ್ನು ಬಿಟ್ಟು ದೂರ ಹೋಗಿ ಕೂರುತ್ತವೆ. ಮೇಲಾಗಿ ಸದಸ್ಯರ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಅಕ್ಷಯ ಫೋನಿನಲ್ಲಿ ಬರಹ ತೆರೆದು ಮುಂದೆ ಹಿಡಿದ. ಮೋಹಿನಿ ಕೈ ಒರೆಸಿಕೊಂಡು ಮಗಳನ್ನು ಕರೆದಳು. ನಿಶ್ಮಿತಾ ಅಂಧೇರಿಯ ಒಂದು ಜಾಹೀರಾತು ಆಫೀಸಿನಲ್ಲಿ ಇಂಗ್ಲಿಷ್ ಬರೆಯುವ ಕೆಲಸದವಳು.

ನಿಶ್ಮಿತಾ ಓದಿದಳು: "ಶ್ರೀ ಶಶಿಕಾಂತ್ ಬಂಗೇರ ಆಂಡ್ ಹಿಸ್ ವೈಫ್ ಶ್ರೀಮತಿ ಮೋಹಿನಿ, ಫಾರ್ ಹಿಸ್ ಸೆಲ್ಫ್‌ಲೆಸ್ ಸರ್ವಿಸ್ ಟು ದಿ ಕಮ್ಯುನಿಟಿ." ಓದಿ ಫೋನನ್ನು ಅಮ್ಮನ ಕಡೆ ನೋಡದೆ ವಾಪಸು ಕೊಟ್ಟಳು.

ಮೋಹಿನಿಗೆ ಶಾಲೆಯ ಇಂಗ್ಲಿಷು ಬಾರದಿದ್ದರೂ ಆರ್ಡರಿನ ಇಂಗ್ಲಿಷು ಬರುತ್ತದೆ. "ಸನ್ಮಾನ ಯಾರಿಗೆ?" ಎಂದು ಕೇಳಿದಳು.

"ನಿಮಗರೀ."

"ಮತ್ತೆ ಸೇವೆ ಯಾರು ಮಾಡಿದ್ದು ಅಂತ ಬರ್ದಿದೆ ಇದ್ರಲ್ಲಿ?"

"ಆಂಟಿ, ಅದು ಟೆಂಪ್ಲೇಟ್," ಎಂದ ಅಕ್ಷಯ. "ಮೊದ್ಲಿಂದ ಅದೇ ಇರೋದು. ನಾವು ಓನ್ಲಿ ಹೆಸರು ಚೇಂಜ್ ಮಾಡ್ತೇವೆ."

ಅವನು ಹೇಳಿದ್ದು ನಿಜ. ಬಳಗದ ಮೊದಲ ಕಾರ್ಯದರ್ಶಿ ರೈಲ್ವೆ ಆಫೀಸಿನ ಯಾವುದೋ ಆಮಂತ್ರಣ ನೋಡಿ ಬರೆದ ಆ ಒಂದು ವಾಕ್ಯ ಇಂದಿಗೂ ಸೇವೆಯಲ್ಲಿತ್ತು. ಅದರೊಳಗೆ ಎಲ್ಲರನ್ನೂ ಕೂರಿಸಿದ್ದರು. ರಕ್ತದಾನ ಶಿಬಿರಗಳನ್ನು ನಡೆಸಿದ ಜ್ಯೋತ್ಸ್ನಾಬಾಯಿಗೆ ಸನ್ಮಾನವಾದಾಗ ಅವರ ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಸ್ಮರಣಿಕೆಯಲ್ಲಿ 'ಲೇಟ್ ಶ್ರೀ' ಎಂದು ಸೇರಿಸಿ, ಮುಂದಕ್ಕೆ ಆಂಡ್ ಹಿಸ್ ವೈಫ್, ಫಾರ್ ಹಿಸ್ ಸರ್ವಿಸ್ ಎಂದೇ ಬಿಟ್ಟಿದ್ದರು. ಇಂಜೆಕ್ಷನ್ ಸೂಜಿ ನೋಡಿದರೆ ತಲೆ ತಿರುಗುತ್ತಿದ್ದ ಆ ಪುಣ್ಯಾತ್ಮರಿಗೆ ಸತ್ತ ಮೇಲೆ ರಕ್ತದಾನದ ಕೀರ್ತಿ ಬಂತು. ಮದುವೆಯಾಗದ ನರ್ಸ್ ಚನ್ನವ್ವನ ಸರದಿ ಬಂದಾಗ ಕಮಿಟಿ ಸ್ವಲ್ಪ ಕಷ್ಟಪಟ್ಟು, ಕೊನೆಗೆ ಸೊಲ್ಲಾಪುರದಿಂದ ಅವಳ ಅಣ್ಣನನ್ನು ಕರೆಸಿ ದೊಡ್ಡ ಕುರ್ಚಿಯಲ್ಲಿ ಕೂರಿಸಿ, 'ಆಂಡ್ ಹಿಸ್ ಸಿಸ್ಟರ್' ಎಂದು ಕೊರೆಸಿತು. ಅಣ್ಣನಿಗೆ ತಂಗಿ ಯಾವ ಆಸ್ಪತ್ರೆಯಲ್ಲಿದ್ದಳು ಅನ್ನುವುದು ವೇದಿಕೆಯ ಮೇಲೆಯೇ ಗೊತ್ತಾದದ್ದು.

"ಬದಲಿಸಿ," ಎಂದಳು ಮೋಹಿನಿ. "ನನ್ನ ಹೆಸರು ಬರೀರಿ, ಸಾಕು."

ಸಿದ್ದರಾಮಪ್ಪ ಗೋಳಿಬಜೆ ಕೆಳಗಿಟ್ಟರು. "ಹಂಗ್ಯಾಂಗ ಆಗ್ತದರೀ. ಯಜಮಾನ್ರು ಎದುರಿಗೆ ಅದಾರ. ಅವರ ಹೆಸರ ಬಿಟ್ರ ಅಪಮಾನ ಮಾಡಿದಂಗ."

"ಬಿಡ್ಬೇಡಿ ಹಾಗಾದ್ರೆ. ಮೋಹಿನಿ ಆಂಡ್ ಹರ್ ಹಸ್ಬೆಂಡ್ ಶಶಿಕಾಂತ್ ಅಂತ ಬರೀರಿ."

ಅಕ್ಷಯ ನಕ್ಕುಬಿಟ್ಟ. ಸಿದ್ದರಾಮಪ್ಪನವರೂ ನಕ್ಕರು. ಶಶಿಕಾಂತರೂ, ಎಲ್ಲರೂ ನಗುತ್ತಿದ್ದಾರಲ್ಲ ಎಂದು, ಸ್ವಲ್ಪ ನಕ್ಕರು. ಮೋಹಿನಿ ಮೂರೂ ಮುಖಗಳನ್ನು ನೋಡುತ್ತಾ ನಿಂತಿದ್ದಳು.

"ಯಾಕೆ ನಗುದು? ತಪ್ಪುಂಟಾ ಅದ್ರಲ್ಲಿ?"

"ತಪ್ಪಿಲ್ಲ ಆಂಟಿ," ಎಂದ ಅಕ್ಷಯ. "ಮತ್ಲಬ್, ಗ್ರಾಮರ್ ಎಲ್ಲ ಸರಿ ಉಂಟು. ಆದ್ರೆ ಕೇಳ್ಲಿಕ್ಕೆ ಒಂಥರಾ ಆಗ್ತದೆ."

"ಒಂಥರಾ ಅಂದ್ರೆ ಎಂಥರಾ?"

ಅಕ್ಷಯ ಮೂರು ಭಾಷೆಗಳಲ್ಲೂ ಹುಡುಕಿ, ಕೊನೆಗೆ ಇನ್ನೊಂದು ಗೋಳಿಬಜೆ ಎತ್ತಿಕೊಂಡ.

"ನೋಡಿ ಅಧ್ಯಕ್ಷರೇ," ಎಂದಳು ಮೋಹಿನಿ, "ನಮ್ಮ ತುಳುವರಲ್ಲಿ ಕುಲದ ಹೆಸರು ಬರುದು ತಾಯಿ ಕಡೆಯಿಂದ. ನಾನು ಸಾಲ್ಯಾನ್, ನನ್ನ ಮಗಳೂ ಸಾಲ್ಯಾನೇ, ಆಧಾರ್ ಕಾರ್ಡ್ ಏನೇ ಹೇಳ್ಲಿ. ನಮ್ಮ ಊರಲ್ಲಿ ಇವ್ರು ಬಸ್ಸಿಂದ ಇಳಿದ್ರೆ ಮೋಹಿನಿಯ ಗಂಡ ಬಂದ ಅಂತಲೇ ಹೇಳುದು. ಅಲ್ಲಿ ಯಾರಿಗೂ ಒಂಥರಾ ಆಗುದಿಲ್ಲ. ಇವ್ರಿಗೂ ಆಗುದಿಲ್ಲ. ಆಗ್ತದಾ?"

ಶಶಿಕಾಂತರು ಅಂಗಿಯ ಗುಂಡಿ ನೋಡಿಕೊಳ್ಳುತ್ತಾ, "ಊರಲ್ಲಿ ಬೇರೆ," ಎಂದರು.

"ಬರೆದು ತಂದ್ರೆ ವೇದಿಕೆಗೆ ಬರ್ತೇನೆ. ಇಲ್ಲದಿದ್ರೆ ಬರುದಿಲ್ಲ. ಊಟದ ಚಿಂತೆ ಬೇಡ, ಅದು ಹೊತ್ತಿಗೆ ಬರ್ತದೆ. ಸಿಟ್ಟನ್ನು ಊಟದ ಮೇಲೆ ತೀರಿಸ್ಲಿಕ್ಕೆ ನಾನೇನು ಗಂಡಸಾ?"

"ನೋಡೋಣ್ರೀ," ಎಂದರು ಸಿದ್ದರಾಮಪ್ಪ ಎದ್ದು. ನೋಡೋಣ ಅಂದರೆ ಆಗುವುದಿಲ್ಲ ಎಂದು ಅರ್ಥ. ಬಳಗದ ಎಲ್ಲ ಪ್ರಾಂತದವರೂ ಒಪ್ಪಿಕೊಂಡ ಒಂದೇ ಅರ್ಥ ಅದು.

ಅಂದಿನಿಂದ ಮೋಹಿನಿಗೆ ಒಂದು ಹೊಸ ಉಪದ್ರವ ಅಂಟಿಕೊಂಡಿತು. ಎಲ್ಲಿ ನೋಡಿದರೂ 'ಆಂಡ್' ಕಾಣತೊಡಗಿತು, ಅದರ ಬೆನ್ನಿಗೆ ಹಿಸ್, ಮೈ, ದೇರ್ ಎಂದು ಯಾರಾದರೊಬ್ಬರ ಹಿಡಿದ ಕೈ. ಬಿಲ್ಡಿಂಗಿನ ಲಿಫ್ಟಿನ ಬಳಿ ನೋಟಿಸು ಮೊದಲಿಂದಲೂ ಇತ್ತು, ಈಗ ನಿಂತು ಓದಿದಳು: ಓನರ್ಸ್ ಆಂಡ್ ದೇರ್ ಸರ್ವೆಂಟ್ಸ್. ಸ್ಟೇಷನ್ನಿನ ಹೊರಗೆ ಮೊಣಕಾಲು ನೋವಿನ ಜಾಹೀರಾತು: ಡಾಕ್ಟರ್ ಆಂಡ್ ಹಿಸ್ ಟೀಮ್. ಬೊರಿವಲಿಯಿಂದ ಲೋಕಲ್ ಹತ್ತಿದರೆ ಲೇಡೀಸ್ ಡಬ್ಬಿಯಲ್ಲಿ ಕಿವಿ ಮುಚ್ಚಿಕೊಳ್ಳುವಂತಿರಲಿಲ್ಲ. ಕಿಟಕಿ ಬಳಿಯ ಹುಡುಗಿ ಫೋನಿನಲ್ಲಿ ಮೀ ಆಂಡ್ ಮೈ ಬಾಸ್ ಎಂದು ಬಾಸನ್ನೇ ತನ್ನ ಚೀಲಕ್ಕೆ ಹಾಕಿಕೊಂಡಳು. ಕಾಂದಿವಲಿಯಲ್ಲಿ ಹತ್ತಿದ ಇನ್ನೊಬ್ಬಳು ಹೀ ಈಸ್ ನೈಸ್, ಬಟ್ ಹಿಸ್ ಮದರ್ ಅಂದದ್ದೇ ಸುತ್ತಲಿನ ಹೆಂಗಸರೆಲ್ಲ, ಗುಜರಾತಿ, ಮರಾಠಿ, ಭಾಷೆ ನೋಡದೆ ತಲೆಯಾಡಿಸಿದರು. ಆಂಡ್ ಇಲ್ಲದಲ್ಲೂ ಅದೇ ಕಥೆ: ಬಿಕಾಸ್ ಮೈ ಲಕ್, ಓರ್ ಯುವರ್ ಡ್ಯಾಡಿ. ದಾದರಿನಲ್ಲಿ ಇಳಿದು ಬೈಕುಲ್ಲಾ ಕಡೆಯ ಗಾಡಿಗೆ ಓಡುವಷ್ಟರಲ್ಲಿ ಇಡೀ ಮುಂಬಯಿ ಒಬ್ಬರನ್ನೊಬ್ಬರು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿರುವಂತೆ ಅವಳಿಗೆ ಕಂಡಿತು.

"ಇಂಗ್ಲಿಷಲ್ಲಿ ಹಾಗೇ ಮಮ್ಮಿ," ಎಂದಳು ನಿಶ್ಮಿತಾ. "ಆಂಡ್ ಅಂದ್ಮೇಲೆ ಯಾರ್ದು ಅಂತ ಹೇಳ್ಬೇಕು. ಸುಮ್ನೆ ಯಾರೂ ನಿಲ್ಲೋ ಹಾಗಿಲ್ಲ."

"ಪಾರ್ಸೆಲಿನ ಹಾಗೆ. ಚೀಟಿ ಅಂಟಿಸ್ದೆ ಗಾಡಿ ಹತ್ತಿಸ್ಲಿಕ್ಕಿಲ್ಲ."

"ಬಟ್ ಚೀಟಿ ಯಾರ ಹೆಸರಲ್ಲೂ ಇರ್ಬಹುದು ಅಲ್ವ. ಹಿಸ್ ಹಾಕೋ ಜಾಗದಲ್ಲಿ ಹರ್ ಹಾಕಿದ್ರೆ ಇಂಗ್ಲಿಷ್ ಏನೂ ಅಳಲ್ಲ."

"ಇಂಗ್ಲಿಷ್ ಅಳುದಿಲ್ಲ," ಎಂದಳು ಮೋಹಿನಿ. "ಕಮಿಟಿ ಅಳ್ತದೆ."

ಅಡುಗೆಮನೆಯಲ್ಲಿ ಸುದ್ದಿ ಮೊದಲೇ ತಲುಪಿತ್ತು. ಹನುಮವ್ವ ಬಾಗಲಕೋಟೆಯ ಕಡೆಯವಳು, ಅಲ್ಲಿ ಎಲ್ಲ ಪಾತ್ರೆಗಳಿಗಿಂತ ಹಳಬಳು, ರೊಟ್ಟಿಯ ವಿಭಾಗ ಅವಳದು. "ಅಕ್ಕಾರ, ನೀವು ಹಿಂಗ ಹಟಾ ಮಾಡಿದ್ರ ಶಾಲೂ ಹೋತು, ಫೋಟೋನೂ ಹೋತು," ಎಂದಳು ರೊಟ್ಟಿ ತಟ್ಟುತ್ತಾ. "ಸುಮ್ಕ ಹೋಗಿ ಕುಂತು ಬರ್ರಿ. ಹಿತ್ತಾಳಿ ಮ್ಯಾಲ ಏನ ಕೊರದಾರ ಅಂತ ಯಾರು ಓದ್ತಾರ?"

"ನೀನು ತಟ್ಟಿದ ರೊಟ್ಟಿಯನ್ನು ನಿನ್ನ ಮೈದುನ ತಟ್ಟಿದ ಅಂತ ಬರೆದ್ರೆ?"

ಹನುಮವ್ವನ ಕೈ ಹಂಚಿನ ಮೇಲೆ ಒಂದು ಗಳಿಗೆ ನಿಂತಿತು. "ಆ ಕುಡುಕ? ಅವನ ಬಾಯಾಗ ಮಣ್ಣ ಹಾಕ್ತೀನಿ," ಎಂದಳು. ಆಮೇಲೆ ಸುಮ್ಮನೆ ಹೋಗಿ ಕೂತು ಬರುವ ಮಾತನ್ನು ಅವಳು ಎತ್ತಲಿಲ್ಲ.

ನಿಜವಾದ ತೊಡಕು ಮನೆಯಲ್ಲಿತ್ತು. ಶಶಿಕಾಂತರು ಹೊಸ ಅಂಗಿ ಹೊಲಿಸಿದ್ದರು. ಕೆನೆಬಣ್ಣದ್ದು, ಉದ್ದ ತೋಳು, ಶಾಲು ಯಾವುದೇ ಬಣ್ಣದ್ದಾದರೂ ಒಪ್ಪುವಂಥದ್ದು. ಅದನ್ನು ಬಾಗಿಲ ಹಿಂದಿನ ಹ್ಯಾಂಗರಿಗೆ ತೂಗುಹಾಕಿದ್ದರು. ಬಾಗಿಲು ಮುಚ್ಚಿದಾಗೆಲ್ಲ ಅಂಗಿ ಎದುರು ಬಂದು ನಿಲ್ಲುತ್ತಿತ್ತು.

"ನಿಮಗೆ ಶಾಲು ಬೇಕಾ?" ಎಂದು ಮೋಹಿನಿ ಒಂದು ಸಂಜೆ ನೇರವಾಗಿ ಕೇಳಿದಳು.

ಅವರು ಪೇಪರ್ ಮಡಚಿಟ್ಟರು. "ಬ್ಯಾಂಕಲ್ಲಿ ಇರುವಾಗ ಮ್ಯಾನೇಜರನಿಗೆ ಹೊದಿಸ್ಲಿಕ್ಕೆ ಶಾಲು ತರುವ ಕೆಲಸ ಯಾವಾಗ್ಲೂ ನಂದು. ಯಾವ ಬಣ್ಣ, ಎಷ್ಟು ಉದ್ದ, ಎಲ್ಲ ನಾನೇ ನೋಡಿ ತರುದು. ಗಂಟು ಬಿಚ್ಚಿ, ಮಡಿಕೆ ಸರಿಮಾಡಿ, ತಟ್ಟೆಯಲ್ಲಿಟ್ಟು ಹಿಂದೆ ನಿಲ್ಲುದು."

"ದಾದರಿನಲ್ಲಿ ಒಂದು ಒಳ್ಳೆಯದು ತೆಗೆದುಕೊಡ್ತೇನೆ."

"ಅಂಗಡಿಯ ಶಾಲು ಹೊದ್ರೆ ಚಳಿ ಹೋಗ್ತದೆ, ಅಷ್ಟೇ," ಎಂದರು ಶಶಿಕಾಂತ. "ನಂದಲ್ಲ ಅಂತ ನಂಗೆ ಗೊತ್ತುಂಟು ಮಾರಾಯ್ತಿ. ಒಂದು ದಿವಸದ ಮಟ್ಟಿಗೆ ಗೊತ್ತಿಲ್ಲದವನ ಹಾಗೆ ಕೂತ್ಕೊಳ್ಳುವ ಅಂತ ಮಾಡಿದ್ದೆ."

ಮೋಹಿನಿ ಬಾಗಿಲ ಹಿಂದಿನ ಅಂಗಿಯನ್ನು ನೋಡಿದಳು. ಇಷ್ಟು ಪ್ರಾಮಾಣಿಕವಾಗಿ ಆಸೆಪಡುವವನ ಮೇಲೆ ಸಿಟ್ಟುಮಾಡುವುದು ಕಷ್ಟ. ಆದರೆ ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ. ಅಕ್ಕಿ ತೊಳೆದ ನೀರಲ್ಲಿ ಬಿರಿದ ಬೆರಳುಗಳು ಅವಳವು, ಬಾಣಲೆ ಮಗುಚಿದಾಗ ಸುಟ್ಟ ಮೊಣಕೈ ಅವಳದು, ಎಲ್ಲರ ಮನೆಯ ಮದುವೆಯಲ್ಲಿ ಎಲ್ಲರೂ ಉಂಡ ಮೇಲೆ ಪಾತ್ರೆಗಳ ನಡುವೆ ನಿಂತು ಉಂಡವಳು ಅವಳು. ಇವುಗಳಲ್ಲಿ ಯಾವುದನ್ನೂ ಆ ಹಿತ್ತಾಳೆಯ ತುಂಡಿನ ಮೇಲೆ ಕೊರೆಯಲಿ ಎಂದು ಅವಳು ಕೇಳಿರಲಿಲ್ಲ. ಬೇರೆಯವರ ಲೆಕ್ಕಕ್ಕೆ ಬರೆಯಬೇಡಿ ಎಂದಷ್ಟೇ ಕೇಳಿದ್ದು.

"ಅಂಗಿ ಚೆಂದ ಉಂಟು," ಎಂದಳು. "ಹಾಕ್ಕೊಂಡೇ ಬನ್ನಿ."

ಕಾರ್ಯಕ್ರಮಕ್ಕೆ ಮುಂಚೆ ಅಕ್ಷಯ ಫೋನ್ ಮಾಡಿ, "ಆಂಟಿ, ಕರೆಕ್ಟ್ ಮಾಡಿದ್ದೇವೆ, ಟೆನ್ಷನ್ ಬೇಡ," ಎಂದ. ಏನು ಕರೆಕ್ಟ್ ಮಾಡಿದ್ದೀರಿ ಎಂದು ಕೇಳುವಷ್ಟರಲ್ಲಿ ಅವನ ಗಾಡಿ ಯಾವುದೋ ಸೇತುವೆ ಕೆಳಗೆ ಹೋಗಿ ಫೋನ್ ಕಡಿಯಿತು. ಅವನ ಗಾಡಿ ಹಾಗೆ ಬೇಕಾದಾಗ ಸೇತುವೆ ಕೆಳಗೆ ಹೋಗುತ್ತದೆ.

ದಾದರಿನ ಸಭಾಂಗಣದಲ್ಲಿ ಮೋಹಿನಿ ಬೆಳಿಗ್ಗೆಯಿಂದ ಹಿಂದಿನ ಅಡುಗೆ ಜಾಗದಲ್ಲೇ ಇದ್ದಳು. ವೇದಿಕೆಯ ಮೇಲೆ ಪ್ರಾರ್ಥನೆ, ಸ್ವಾಗತ, ವರದಿ ವಾಚನ, ಮಕ್ಕಳ ನೃತ್ಯ ಇವೆಲ್ಲ ಸರಿಯಾಗಿ ತಡವಾಗುತ್ತಾ ನಡೆದವು. ಸೌತೆಕಾಯಿ ಹುಳಿಗೆ ಒಗ್ಗರಣೆ ಬಿದ್ದಾಗ ವರದಿ ವಾಚನವನ್ನು ಯಾರೂ ಕೇಳುತ್ತಿರಲಿಲ್ಲ. ಸನ್ಮಾನದ ಸರದಿ ಹತ್ತಿರ ಬಂದಾಗ ನಿಶ್ಮಿತಾ ಪಕ್ಕದ ಕೋಣೆಗೆ ಹೋಗಿ ಸ್ಮರಣಿಕೆಯ ಡಬ್ಬಿ ತೆರೆದು ನೋಡಿ ಬಂದಳು.

"ಹೇಳು," ಎಂದಳು ಮೋಹಿನಿ ಸೌಟು ಇಟ್ಟು.

"ಶ್ರೀ ಶಶಿಕಾಂತ್ ಬಂಗೇರ ಆಂಡ್ ಹಿಸ್ ವೈಫ್ ಶ್ರೀಮತಿ ಮೋಹಿನಿ. ಅದು ಹಾಗೇ ಇದೆ. ಮುಂದೆ ಫಾರ್ ಹಿಸ್ ಸರ್ವಿಸ್ ಇತ್ತಲ್ಲ, ಅದನ್ನ ಫಾರ್ ದೇರ್ ಸರ್ವಿಸ್ ಮಾಡಿದ್ದಾರೆ."

"ದೇರ್ ಅಂದ್ರೆ?"

"ಅವರಿಬ್ಬರದು."

ಮೋಹಿನಿ ಗಂಡನ ಕಡೆ ತಿರುಗಿದಳು. ಅವರು ಕೆನೆಬಣ್ಣದ ಅಂಗಿಯಲ್ಲಿ, ಒಲೆಗಳಿಂದ ಸುರಕ್ಷಿತ ದೂರದಲ್ಲಿ ನಿಂತಿದ್ದರು. "ಅರ್ಧ ನಿಮ್ಮದಂತೆ. ನಿನ್ನೆ ತೆಂಗಿನಕಾಯಿ ತುರಿಯುವಾಗ ನೀವು ಯಾವ ಮಣೆ ಮೇಲೆ ಕೂತಿದ್ರಿ?"

"ನಾನು ಟಿ.ವಿ. ನೋಡ್ತಾ ಇದ್ದೆ," ಎಂದರು ಶಶಿಕಾಂತ, ಸತ್ಯಸಂಧರು.

ಹನುಮವ್ವ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಅಷ್ಟರಲ್ಲಿ ಮೈಕಿನಲ್ಲಿ ಕರೆ ಬಂತು: ಈಗ ನಮ್ಮ ಬಳಗದ ಪ್ರೀತಿಯ ಶ್ರೀ ಶಶಿಕಾಂತ ಬಂಗೇರ ದಂಪತಿ ವೇದಿಕೆಗೆ ಬರಬೇಕು. ಮೋಹಿನಿ ಬರುವುದಿಲ್ಲ ಎಂದೇ ಇದ್ದವಳು. ಒಂದು ಕ್ಷಣ ಸೌಟನ್ನೂ ಬಾಗಿಲನ್ನೂ ನೋಡಿದಳು. ಬರದೆ ಉಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಆಗ ಕಾಣಿಸಿತು: ಶಶಿಕಾಂತರು ಒಬ್ಬರೇ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂರುತ್ತಾರೆ, ಶಾಲು ಬೀಳುತ್ತದೆ, ಅವರ ಹೆಂಡತಿ ಅಡುಗೆ ಕೆಲಸದಲ್ಲಿದ್ದಾರೆ ಎಂದು ಮೈಕಿನಲ್ಲಿ ಹೇಳುತ್ತಾರೆ, ಜನ ಮೆಚ್ಚಿ ಚಪ್ಪಾಳೆ ತಟ್ಟುತ್ತಾರೆ. ಅವಳ ಪ್ರತಿಭಟನೆಯೂ ಅವರ ಲೆಕ್ಕಕ್ಕೇ ಜಮೆಯಾಗುತ್ತದೆ.

"ನಡೀರಿ," ಎಂದಳು. ಸೀರೆಯ ಮೇಲಿನ ಏಪ್ರನ್ ಬಿಚ್ಚಲಿಲ್ಲ.

ಮೆಟ್ಟಿಲನ್ನು ಅವಳೇ ಮೊದಲು ಹತ್ತಿದಳು. ವೇದಿಕೆಯ ಮಧ್ಯೆ ಕೆಂಪು ಕುರ್ಚಿ, ಪಕ್ಕದಲ್ಲಿ ಬಿಳಿ ಬಟ್ಟೆಯದು. ಮೋಹಿನಿ ಕೆಂಪು ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಸಿಂಹಗಳ ತಲೆಯ ಮೇಲಿಟ್ಟಳು. ಹಿಂದೆ ಬಂದ ಶಶಿಕಾಂತರು ಒಮ್ಮೆ ಹೆಂಡತಿಯನ್ನು ನೋಡಿದರು, ಒಮ್ಮೆ ಪ್ಲಾಸ್ಟಿಕ್ ಕುರ್ಚಿಯನ್ನು ನೋಡಿದರು. ಜೀವನದಲ್ಲಿ ಯಾರ ಜಾಗದ ಬಗ್ಗೆಯೂ ತಕರಾರು ಮಾಡದ ಮನುಷ್ಯ, ಅಲ್ಲಿ ಕೂತರು.

ಸಿದ್ದರಾಮಪ್ಪ ಬಿಚ್ಚಿದ ಶಾಲು ಹಿಡಿದುಕೊಂಡು ಬಂದವರು ನಡುವೆಯೇ ನಿಂತರು. ಅವರದು ದೊಡ್ಡ ಸಂಕಟ. ಎಡಕ್ಕೆ ಹೋದರೆ ಪ್ಲಾಸ್ಟಿಕ್ ಕುರ್ಚಿಯವನಿಗೆ ಸನ್ಮಾನ ಮಾಡಿದಂತೆ, ಬಲಕ್ಕೆ ಹೋದರೆ ಪರಸ್ತ್ರೀಯ ಹೆಗಲಿಗೆ ಕೈ ಹಾಕಿದಂತೆ. ಬಾಗಿ, ಮೈಕಿಗೆ ಕೇಳದಂತೆ, "ಮೋಹಿನಿಬಾಯಿ, ಕುರ್ಚಿ ಅದಲುಬದಲ ಆಗ್ಯಾವರಿ," ಎಂದರು.

"ಇಲ್ಲ ಅಧ್ಯಕ್ಷರೇ. ಅದಲುಬದಲು ಇಷ್ಟು ವರ್ಷ ಆಗಿತ್ತು," ಎಂದಳು ಮೋಹಿನಿ. ಅವಳು ಮೈಕಿಗೆ ಕೇಳದಂತೆ ಹೇಳುವ ಪ್ರಯತ್ನ ಮಾಡಲಿಲ್ಲ.

ಮುಂದಿನ ಸಾಲಿನಲ್ಲಿ ಜ್ಯೋತ್ಸ್ನಾಬಾಯಿ ಕನ್ನಡಕ ಹಾಕಿಕೊಂಡರು. ಅಕ್ಷಯ ಅತ್ತಿತ್ತ ನೋಡಿ, ಇಂಥ ಹೊತ್ತಿನಲ್ಲಿ ಹೋಗಬೇಕಾದ ಸೇತುವೆ ಯಾವುದೂ ಕಾಣದೆ ನಿಂತ.

"ಹೆಣ್ಮಕ್ಕಳಿಗೆ ನಾ ಶಾಲು ಹೆಂಗ ಹೊದಸ್ಲಿ, ಪದ್ಧತಿ ಇಲ್ರಲ," ಎಂದರು ಸಿದ್ದರಾಮಪ್ಪ. ಆ ಮಾತಿನಲ್ಲಿ ಈಗ ಹಟಕ್ಕಿಂತ ಬೇಡಿಕೆ ಹೆಚ್ಚಿತ್ತು.

ಆಗ ಉಡಿಯ ತಟ್ಟೆ ಹಿಡಿದು ಹಿಂದೆ ನಿಂತಿದ್ದ ಅವರ ಹೆಂಡತಿ ರುದ್ರವ್ವ ಮುಂದೆ ಬಂದರು. ಎಷ್ಟೋ ವರ್ಷಗಳಿಂದ ಅದೇ ಜಾಗದಲ್ಲಿ ಅದೇ ತಟ್ಟೆ ಹಿಡಿದು ನಿಂತವರು. ವೇದಿಕೆಯ ಮೇಲೆ ಅವರ ದನಿಯನ್ನು ಬಳಗ ಕೇಳಿದ್ದಿಲ್ಲ.

"ಕೊಡ್ರಿ ಇಲ್ಲಿ," ಎಂದು ಗಂಡನ ಕೈಯಿಂದ ಶಾಲು ತೆಗೆದುಕೊಂಡು, ತಟ್ಟೆಯನ್ನು ಆ ಕೈಗೆ ಇಟ್ಟರು. "ನನಗ ಹೊದಸಾಕ ಪದ್ಧತಿ ಐತಿ."

ಶಾಲು ಮೋಹಿನಿಯ ಹೆಗಲಿಗೆ, ಏಪ್ರನ್ನಿನ ಮೇಲೆ ಬಿತ್ತು. ಪೇಟವನ್ನು ರುದ್ರವ್ವ ಹೂ ಮುಡಿದ ತಲೆಗೆ ಇಡಲು ನೋಡಿ, ಕೂರದಿದ್ದಾಗ ಎರಡೂ ಕೈಯಿಂದ ಒತ್ತಿ ಕೂರಿಸಿದರು. ಅಡುಗೆ ಜಾಗದ ಬಾಗಿಲಿನಿಂದ ಮೊದಲ ಚಪ್ಪಾಳೆ ಬಂತು. ಹಿಟ್ಟಿನ ಕೈಗಳ ಚಪ್ಪಾಳೆ, ಸದ್ದಿಗಿಂತ ಪುಡಿಯೇ ಹೆಚ್ಚು. ಆಮೇಲೆ ಮುಂದಿನ ಸಾಲು ಸೇರಿಕೊಂಡಿತು.

ಉಳಿದದ್ದು ತಟ್ಟೆ. ಅದು ಈಗ ಅಧ್ಯಕ್ಷರ ಕೈಯಲ್ಲಿತ್ತು, ಎದುರಿಗೆ ಪಕ್ಕದ ಕುರ್ಚಿಯಲ್ಲಿ ಶಶಿಕಾಂತರು. ಇಬ್ಬರು ಗಂಡಸರೂ ಒಬ್ಬರನ್ನೊಬ್ಬರು ನೋಡಿದರು. ಉಡಿ ತುಂಬಲು ಸೆರಗು ಬೇಕು. ಶಶಿಕಾಂತರು ಎದ್ದು ನಿಂತು, ಕೆನೆಬಣ್ಣದ ಹೊಸ ಅಂಗಿಯ ಮುಂಭಾಗವನ್ನು ಪ್ಯಾಂಟಿನಿಂದ ಹೊರಗೆಳೆದು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು.

"ಹಾಕಿ ಅಧ್ಯಕ್ಷರೇ," ಎಂದರು. "ಕಾಯಿ ಮೆಲ್ಲ."

ಅಕ್ಕಿ, ಕಾಯಿ, ಎಲೆಅಡಿಕೆ, ಹಸಿರು ರವಿಕೆ ಕಣ ಎಲ್ಲವೂ ಅಂಗಿಯೊಳಕ್ಕೆ ಹೋದವು. ಈ ಸಲ ಚಪ್ಪಾಳೆಯ ಜೊತೆಗೆ ಶಿಳ್ಳೆಯೂ ಬಿತ್ತು. ಶಶಿಕಾಂತರಿಗೆ ಬ್ಯಾಂಕಿನಲ್ಲಿ ಯಾರೂ ಯಾವತ್ತೂ ಶಿಳ್ಳೆ ಹಾಕಿದ್ದಿಲ್ಲ. ಅವರು ಸಭೆಯ ನಾಲ್ಕೂ ಕಡೆ ತಿರುಗಿ, ತುಂಬಿದ ಉಡಿ ತೋರಿಸಿದರು.

ಕೊನೆಗೆ ಸ್ಮರಣಿಕೆ ಬಂತು. ಮೋಹಿನಿ ಅದನ್ನು ತೆಗೆದುಕೊಂಡು, ಹಿತ್ತಾಳೆಯ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿ, ಅಕ್ಷಯನ ಕೈಗೆ ವಾಪಸಿಟ್ಟಳು. "ಇದು ನನ್ನದಲ್ಲ. ನನ್ನದು ಆದಾಗ ತನ್ನಿ. ಅರ್ಜೆಂಟಿಲ್ಲ, ಇಷ್ಟು ವರ್ಷ ಕಾದಿದ್ದೇನೆ." ಮತ್ತೆ ಮೈಕಿನ ಕಡೆ ತಿರುಗಿ, "ಊಟಕ್ಕೆ ಎಲೆ ಹಾಕಿದೆ, ಎಲ್ಲರೂ ಬನ್ನಿ," ಎಂದಳು. ಅವಳ ಸನ್ಮಾನದ ಭಾಷಣ ಅಷ್ಟೇ. ಬಳಗದ ಇತಿಹಾಸದಲ್ಲಿ ಎಲ್ಲರೂ ಕೊನೆಯವರೆಗೆ ಕೇಳಿದ ಭಾಷಣವೂ ಅದೊಂದೇ.

ಪಂಕ್ತಿಯಲ್ಲಿ ಅವಳು ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು ಹೋಳಿಗೆ ಬಡಿಸುತ್ತಿದ್ದಾಗ, ರುದ್ರವ್ವ ನಿಶ್ಮಿತಾಳನ್ನು ತಮ್ಮ ಎಲೆಯ ಪಕ್ಕಕ್ಕೆ ಕರೆದು ಕಾರ್ಯಕ್ರಮದ ಆಮಂತ್ರಣ ಕೊಟ್ಟರು.

"ಇದರಾಗ ನನ್ನ ಹೆಸರ ಎಲ್ಲೈತಿ, ಓದವ್ವಾ."

ನಿಶ್ಮಿತಾ ಹುಡುಕಿದಳು. "ಪ್ರೆಸಿಡೆಂಟ್ ಶ್ರೀ ಸಿದ್ದರಾಮಪ್ಪ ಆಂಡ್ ಹಿಸ್ ವೈಫ್ ಅಂತ ಇದೆ ಆಂಟಿ. ಹೆಸರು ಇಲ್ಲ."

"ಹೌದಾ," ಎಂದರು ರುದ್ರವ್ವ. ಆಮಂತ್ರಣವನ್ನು ನಾಲ್ಕಾಗಿ ಮಡಚಿ ಬಟ್ಟಲಿನ ಅಡಿಗೆ ಇಟ್ಟರು. ಎದುರು ಪಂಕ್ತಿಯಲ್ಲಿ ಉಣ್ಣುತ್ತಿದ್ದ ಅಧ್ಯಕ್ಷರು ಅದನ್ನು ಕಂಡು, ಹೋಳಿಗೆ ಬಿಟ್ಟು ನೀರಿನ ಲೋಟ ಎತ್ತಿಕೊಂಡರು.

ಅಕ್ಷಯ ಬೈಕುಲ್ಲಾದ ಅಡುಗೆಮನೆಗೆ ಬಂದದ್ದು ಕೆಲವು ವಾರಗಳ ನಂತರ. ಹೊಸ ಬರಹವನ್ನು ಈ ಸಲ ಕಾಗದದ ಮೇಲೇ ತಂದಿದ್ದ. ಶ್ರೀಮತಿ ಮೋಹಿನಿ ಸಾಲ್ಯಾನ್, ಫಾರ್ ಹರ್ ಸೆಲ್ಫ್‌ಲೆಸ್ ಸರ್ವಿಸ್. ಆಂಡ್ ಇಲ್ಲ, ವೈಫ್ ಇಲ್ಲ, ದೇರ್ ಇಲ್ಲ. "ನೀವು ಮೊದ್ಲು ಕೇಳಿದ್ದು ಇದೇ ಅಲ್ವ ಆಂಟಿ, ಹೆಸರು ಒಂದೇ ಸಾಕು ಅಂತ. ಕಮಿಟಿ ಪಾಸ್ ಮಾಡಿದೆ. ರುದ್ರವ್ವ ಆಂಟಿ ಈಗ ಕಮಿಟಿಯಲ್ಲಿ ಇದ್ದಾರೆ," ಎಂದು ಕೊನೆಯದನ್ನು ಸ್ವಲ್ಪ ತಗ್ಗಿದ ದನಿಯಲ್ಲಿ ಸೇರಿಸಿದ.

ಮೋಹಿನಿ ಓದಿದಳು. ಸರಿಯಾಗಿತ್ತು. ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಶಶಿಕಾಂತರು ಕತ್ತು ಚಾಚಿದರು. ವಾರ್ಷಿಕೋತ್ಸವದ ನಂತರ ಅವರು ಆಗಾಗ ಇಲ್ಲಿಗೆ ಬಂದು ಇಂಥ ಸಣ್ಣ ಕೆಲಸ ಹಿಡಿಯುತ್ತಿದ್ದರು. ಉಡಿಯ ಕಾಯಿಯಿಂದ ಮಾಡಿದ ಪಾಯಸ ತಮ್ಮದೇ ದುಡಿಮೆ ಎಂದು ಸಿಕ್ಕವರಿಗೆಲ್ಲ ಹೇಳಿಯೂ ಇದ್ದರು.

"ನಾನೆಲ್ಲಿ ಇದ್ರಲ್ಲಿ?" ಎಂದರು.

ಮೋಹಿನಿ ಅವರನ್ನೊಮ್ಮೆ ನೋಡಿದಳು. ಬಟಾಣಿಗಿಂತ ಸಿಪ್ಪೆ ಹೆಚ್ಚು ಬಿದ್ದಿದ್ದ ಬುಟ್ಟಿಯನ್ನು ನೋಡಿದಳು. ಅಕ್ಷಯನ ಜೇಬಿನಿಂದ ಪೆನ್ನು ಎತ್ತಿಕೊಂಡು, ತನ್ನ ಹೆಸರಾದ ಮೇಲೆ, ಆರ್ಡರ್ ಬರೆದುಕೊಳ್ಳುವ ದೊಡ್ಡ ಅಕ್ಷರಗಳಲ್ಲಿ ಸೇರಿಸಿದಳು: ಆಂಡ್ ಹರ್ ಹಸ್ಬೆಂಡ್ ಶಶಿಕಾಂತ್.

ಅಕ್ಷಯ ಕಾಗದ ತಿರುಗಿಸಿ ಓದಿದ. ತುಟಿ ಅಲುಗಿಸಿ ಇನ್ನೊಮ್ಮೆ ಓದಿದ. "ಆಂಟಿ, ಕೇಳ್ಲಿಕ್ಕೆ ಇನ್ನೂ ಒಂಥರಾನೇ ಆಗ್ತದೆ."

"ಆಗ್ಲಿ," ಎಂದಳು ಮೋಹಿನಿ ಪೆನ್ನು ವಾಪಸು ಕೊಡುತ್ತಾ. "ಕೇಳಿ ಕೇಳಿ ಅಭ್ಯಾಸ ಆಗ್ತದೆ. ನಮಗೆ ಆಗ್ಲಿಲ್ವಾ?"